‘ಐ ಹ್ಯಾವ್ ಥರ್ಟಿಫೋರ್ ಯಿಯರ್ಸ್’ ಎನ್ನುವವರಿಗೆ ಇಂಗ್ಲಿಷ್ ಕಲಿಸುವುದು ಹೇಗೆ?

ಟೆಕ್ಸಸ್ ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಸ್ಯಾನ್ ಆಂಟೋನಿಯೊದಲ್ಲಿದ್ದೇನೆ. ಇಲ್ಲಿಗೆ ಬಂದು ಎಂಟು ವರ್ಷ ಆಯ್ತು. ಮನೆ ಹತ್ತಿರದ ಲೈಬ್ರರಿಯಲ್ಲಿ ವಾರಕ್ಕೆ ಎರಡು ಸಂಜೆ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ಸಂಬಳ ಗಿಂಬಳ ಇಲ್ಲ. ಒಂದೂವರೆ ತಿಂಗಳಿಂದ ನಾನೂ ಅಲ್ಲಿ ಕಲಿಸುತ್ತಿದ್ದೇನೆ. ಹನ್ನೊಂದು ಜನ ಬರುತ್ತಾರೆ. ಜಾಸ್ತಿ ಮೆಕ್ಸಿಕೊದವರು, ಮೂವರು ಹೊಂಡುರಾಸ್, ಒಬ್ಬರು ಕೊಲಂಬಿಯಾ. ಟೈಲ್ಸ್ ಹಾಕುವವರು, ಹೋಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಮನೆ ಕ್ಲೀನ್ ಮಾಡುವವರು. ದಿನವಿಡೀ ದುಡಿದು, ಮುಖ ತೊಳೆದುಕೊಂಡು ಬಂದು ಕೂರುತ್ತಾರೆ. ಅವರ ಶ್ರದ್ಧೆ ನೋಡಿದರೆ ನನಗೇ ನಾಚಿಕೆ ಆಗುತ್ತದೆ.

ತೊಂದರೆ ಏನೆಂದರೆ, ನನಗೆ ಸ್ಪ್ಯಾನಿಷ್ ಬರುವುದು ತರಕಾರಿ ಅಂಗಡಿಯಷ್ಟು ಮಾತ್ರ. ಅವರು ಮಾಡುವ ತಪ್ಪುಗಳು ನನಗೆ ಅರ್ಥವೇ ಆಗುತ್ತಿಲ್ಲ. ಟೈಲ್ಸ್ ಕೆಲಸದ ಒಬ್ಬರು ಆರು ವಾರದಿಂದ ‘ಐ ಹ್ಯಾವ್ ಥರ್ಟಿಫೋರ್ ಯಿಯರ್ಸ್’ ಅಂತಲೇ ಹೇಳುತ್ತಿದ್ದಾರೆ. ತಿದ್ದಿದರೆ ತಲೆ ಆಡಿಸುತ್ತಾರೆ, ಸರಿಯಾಗಿ ಬರೆದುಕೊಳ್ಳುತ್ತಾರೆ, ಮುಂದಿನ ವಾರ ಮತ್ತೆ ಅದೇ. ಇನ್ನೊಬ್ಬರು ಕಿಟಕಿ ನೋಡಿ ‘ಈಸ್ ರೈನಿಂಗ್’ ಅನ್ನುತ್ತಾರೆ. ‘ಡು’, ‘ಡಸ್’, ‘ಡಿಡ್’ ಅಂತೂ ಕೇಳಲೇಬೇಡಿ. ನಮ್ಮ ಕಾಲದ ಶಾಲೆಯ ವ್ಯಾಕರಣ ಬೋರ್ಡ್ ಮೇಲೆ ಬರೆದರೆ ಎಲ್ಲರ ಕಣ್ಣು ಎಳೆಯುತ್ತದೆ. ಏನು ಮಾಡಲಿ?

ಹಳೇ ಮೇಷ್ಟ್ರು

ತಂಗಿ, ಮೊದಲು ಒಂದು ವಿಷಯ. ಅವರು ತಪ್ಪು ಮಾಡುತ್ತಿಲ್ಲ. ಸ್ಪ್ಯಾನಿಷನ್ನು ಇಂಗ್ಲಿಷ್ ಪದಗಳಲ್ಲಿ ಮಾತಾಡುತ್ತಿದ್ದಾರೆ. ನಾನು ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವನು. ನಮ್ಮ ಹುಡುಗರೂ ಕನ್ನಡವನ್ನೇ ಇಂಗ್ಲಿಷ್ ಪದಗಳಲ್ಲಿ ಮಾತಾಡುತ್ತಿದ್ದರು. ತಪ್ಪು ಬೇರೆ ಬೇರೆ, ದಾರಿ ಒಂದೇ. ಸ್ಪ್ಯಾನಿಷ್ ನನಗೂ ಬರುವುದಿಲ್ಲ. ಬಲ್ಲವರು ಯಾರಾದರೂ ಇದ್ದರೆ ಆ ವಯಸ್ಸಿನ ವಾಕ್ಯ ಮೂಲದಲ್ಲಿ ಹೇಗಿದೆ ಹೇಳಿ. ಉಳಿದದ್ದು ಆಮೇಲೆ ನೋಡೋಣ.

ಮ್ಯಾಡ್ರಿಡ್ ಮಂಡ್ಯ

ನಾನು ಹೇಳುತ್ತೇನೆ ಮೇಷ್ಟ್ರೇ. ಆರು ವರ್ಷದಿಂದ ಸ್ಪೇನ್‌ನಲ್ಲಿದ್ದೇನೆ, ಕೆಲಸ ಸಾಫ್ಟ್‌ವೇರ್. ಇಲ್ಲಿನ ಆಫೀಸಿನಲ್ಲಿ ನಾನು ಅವರಿಗೆ ಇಂಗ್ಲಿಷ್ ತಿದ್ದುವುದು, ಅವರು ನನಗೆ ಸ್ಪ್ಯಾನಿಷ್ ತಿದ್ದುವುದು ದಿನಾ ನಡೆಯುತ್ತದೆ.

ಸ್ಪ್ಯಾನಿಷ್‌ನಲ್ಲಿ ವಯಸ್ಸು ‘ಇಟ್ಟುಕೊಳ್ಳುವ’ ವಸ್ತು. ‘ತೆಂಗೊ ತ್ರೇಯಿಂತಾ ಆನ್ಯೋಸ್’. ತೆಂಗೊ ಅಂದರೆ ‘ನನ್ನ ಹತ್ತಿರ ಇದೆ’. ಅಂದರೆ ನನ್ನ ಹತ್ತಿರ ಮೂವತ್ತು ವರ್ಷ ಇವೆ ಅಂತ. (ಆನ್ಯೋಸ್ ಅನ್ನುವಾಗ ‘ನ್ಯ’ ಬಿಟ್ಟು ‘ಆನೋಸ್’ ಅಂದುಬಿಟ್ಟರೆ ಅದು ದೇಹದ ಒಂದು ಭಾಗ ಆಗುತ್ತದೆ. ಯಾವುದು ಅಂತ ಇಲ್ಲಿ ಬರೆಯಲಾರೆ. ನಾನು ಅಂದಿದ್ದೇನೆ, ಆಫೀಸ್ ತುಂಬಾ ನಕ್ಕರು.)

ವಯಸ್ಸು ಒಂದೇ ಅಲ್ಲ. ಹಸಿವು, ಚಳಿ, ನಿದ್ದೆ, ಭಯ, ಅವಸರ, ಅದೃಷ್ಟ ಎಲ್ಲವನ್ನೂ ಅವರು ಇಟ್ಟುಕೊಳ್ಳುತ್ತಾರೆ. ‘ತೆಂಗೊ ಆಂಬ್ರೆ’ ಅಂದರೆ ಹಸಿವು ಇದೆ. ‘ತೆಂಗೊ ಫ್ರೀಯೊ’ ಚಳಿ. ‘ನೀನು ಹೇಳಿದ್ದು ಸರಿ’ ಎನ್ನುವುದಕ್ಕೂ ಅದೇ ಕ್ರಿಯಾಪದ. ಹಾಗಾಗಿ ‘ಐ ಹ್ಯಾವ್ ಹಂಗರ್’, ‘ಐ ಹ್ಯಾವ್ ಕೋಲ್ಡ್’, ‘ಯು ಹ್ಯಾವ್ ರೀಸನ್’ ಎಲ್ಲಾ ಬರುತ್ತವೆ. ಒಂದೇ ಬೇರು, ಹತ್ತು ಕೊಂಬೆ. ವಯಸ್ಸೊಂದನ್ನೇ ತಿದ್ದುತ್ತಾ ಕೂತರೆ ಮುಗಿಯುವುದಿಲ್ಲ ಅಕ್ಕ.

ಹಳೇ ಮೇಷ್ಟ್ರು

ಆಹಾ, ಸಿಕ್ಕಿತು ನೋಡಿ! ಈಗ ಕನ್ನಡ ತಂದು ಪಕ್ಕದಲ್ಲಿ ಇಡಿ. ನಾವು ‘ನನಗೆ ಮೂವತ್ತು ವರ್ಷ’, ‘ನನಗೆ ಹಸಿವು’, ‘ನನಗೆ ಚಳಿ’ ಅನ್ನುತ್ತೇವೆ. ನಮಗೆ ಹಸಿವು ಬರುತ್ತದೆ. ಅವರು ಹಸಿವು ಇಟ್ಟುಕೊಳ್ಳುತ್ತಾರೆ. ಇಂಗ್ಲಿಷ್‌ನಲ್ಲಿ ಮನುಷ್ಯನೇ ಹಸಿವಾಗಿಬಿಡುತ್ತಾನೆ: ‘ಐ ಆಮ್ ಹಂಗ್ರಿ’. ಮೂರು ಊರು, ಮೂರು ಪದ್ಧತಿ. ನಿಮಗೂ ಇಂಗ್ಲಿಷ್ ಹುಟ್ಟಿನಿಂದ ಬಂದದ್ದಲ್ಲ. ಹಾಗಾಗಿ ‘ನನ್ನ ಭಾಷೆಯಲ್ಲೂ ಇದು ಬೇರೆ ಥರ’ ಅಂತ ಬೋರ್ಡ್ ಮೇಲೆ ಮೂರನ್ನೂ ಬರೆದು ತೋರಿಸಿ. ಇಂಗ್ಲಿಷ್ ಒಂದೇ ಸರಿ, ತಾವು ದಡ್ಡರು ಎನ್ನುವ ಭಾವನೆ ಹೋದರೆ ಅರ್ಧ ಕೆಲಸ ಆದಂತೆ.

ಆ ‘ಐ ಆಮ್’ ಗುಂಪನ್ನು ಒಟ್ಟಿಗೆ ಕಲಿಸಿ. ಹಂಗ್ರಿ, ಥರ್ಸ್ಟಿ, ಕೋಲ್ಡ್, ಸ್ಲೀಪಿ, ಅಫ್ರೇಡ್, ರೈಟ್, ಲಕ್ಕಿ, ಕೊನೆಗೆ ಥರ್ಟಿಫೋರ್. ನಿಯಮ ಹೇಳಬೇಡಿ, ಹಾಡಿನ ಹಾಗೆ ಹೇಳಿಸಿ. ಒಂದು ಎಚ್ಚರಿಕೆ: ‘ಐ ಆಮ್’ ರೂಢಿ ಆದ ಮೇಲೆ ‘ಐ ಆಮ್ ಅಗ್ರೀ’ ಅಂತ ಬರಲು ಶುರುವಾಗಬಹುದು.

ಮ್ಯಾಡ್ರಿಡ್ ಮಂಡ್ಯ

ಈಗಾಗಲೇ ಬರುತ್ತದೆ ಮೇಷ್ಟ್ರೇ! ‘ಎಸ್ತೊಯ್ ದೆ ಅಕುಎರ್ದೊ’, ಅಂದರೆ ‘ನಾನು ಒಪ್ಪಿಗೆಯಲ್ಲಿ ಇದ್ದೇನೆ’. ಆ ‘ಇದ್ದೇನೆ’ಯೇ ‘ಆಮ್’ ಆಗಿ ಬರುತ್ತದೆ. ನಮ್ಮ ಆಫೀಸ್ ಮೀಟಿಂಗ್‌ನಲ್ಲಿ ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ.

ಇನ್ನೊಂದು ಮಜಾ ಹೇಳುತ್ತೇನೆ. ಒಂದು ಜಾಗದಲ್ಲಿ ಸ್ಪ್ಯಾನಿಷ್ ಮತ್ತು ಕನ್ನಡ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಇಂಗ್ಲಿಷ್ ಒಂಟಿ. ‘ನನಗೆ ಕಾಫಿ ಇಷ್ಟ’. ಸ್ಪ್ಯಾನಿಷ್‌ನಲ್ಲಿ ‘ಮೆ ಗುಸ್ತಾ ಎಲ್ ಕಫೆ’. ಮೆ ಅಂದರೆ ಇಲ್ಲಿ ‘ನನಗೆ’. ನಾಯಿಗಳು ಇಷ್ಟ ಆದರೆ ಗುಸ್ತಾ ಹೋಗಿ ‘ಗುಸ್ತಾನ್’ ಆಗುತ್ತದೆ, ನಮ್ಮಲ್ಲಿ ‘ಇಷ್ಟ ಆಗುತ್ತವೆ’ ಆದ ಹಾಗೆ. ಇಂಗ್ಲಿಷ್ ಮಾತಾಡುವವರು ಸ್ಪ್ಯಾನಿಷ್ ಕಲಿಯುವಾಗ ಇದರಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನನಗೆ ಐದು ನಿಮಿಷ ಸಾಕಾಯಿತು. ಆದರೆ ಅವರು ಇಂಗ್ಲಿಷ್‌ಗೆ ಬಂದಾಗ ತಿರುಗುಮುರುಗು. ‘ದ ಕಾಫಿ ಲೈಕ್ಸ್ ಮಿ’ ಅಂತ ಕೇಳಿದ್ದೇನೆ. ಕಾಫಿಗೆ ಅವರ ಮೇಲೆ ಪ್ರೀತಿ!

ಧಾರವಾಡ ಪೇಡ

ನಂಗ ಕಾಫಿಗಿಂತ ಚಹಾ ಪ್ರೀತಿ ಮಾಡತದ 😄

ಸರಿ ಸರಿ, ಗಂಭೀರವಾಗಿ. ನಾನು ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ, ಸುಮ್ನೆ ಟೈಮ್‌ಪಾಸ್. ಒಂದು ಡೌಟ್. ‘ಈಸ್ ರೈನಿಂಗ್’ ಯಾಕೆ ಅನ್ನುತ್ತಾರೆ? ಅವರಿಗೆ ‘ಇಟ್’ ಇಲ್ಲವಾ?

ಹಳೇ ಮೇಷ್ಟ್ರು

ಇದು ನಮಗೆ ಸುಲಭವಾಗಿ ಅರ್ಥ ಆಗಬೇಕು. ‘ನಿನ್ನೆ ಬಂದೆ’ ಅಂದರೆ ಬಂದದ್ದು ಯಾರು? ನಾನು. ‘ಬಂದಳು’ ಅಂದರೆ ಅವಳು. ಕ್ರಿಯಾಪದದ ಬಾಲದಲ್ಲೇ ಆಳು ಕೂತಿದ್ದಾನೆ. ಸ್ಪ್ಯಾನಿಷ್‌ನಲ್ಲೂ ಹಾಗೇ ಅಂತ ಮ್ಯಾಡ್ರಿಡ್‌ನವರು ಹಿಂದೊಮ್ಮೆ ಹೇಳಿದ್ದ ನೆನಪು. ಇಂಗ್ಲಿಷ್‌ನಲ್ಲಿ ಬಾಲ ಉದುರಿಹೋಗಿದೆ. ‘ಕೇಮ್’ ಅಂದರೆ ಯಾರು ಬಂದರೋ ದೇವರೇ ಬಲ್ಲ. ಅದಕ್ಕೇ ಮುಂದೆ ಒಬ್ಬ ಆಸಾಮಿ ಬೇಕೇ ಬೇಕು. ಯಾರೂ ಇಲ್ಲದಿದ್ದರೂ ಬೇಕು! ಮಳೆ ಸುರಿಯುವಾಗ ಆ ‘ಇಟ್’ ಯಾರು? ಯಾರೂ ಅಲ್ಲ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುತ್ತಾರಲ್ಲ, ಹಾಗೆ. ‘ಇಟ್’ ಅನ್ನುವುದು ಟವೆಲ್.

ಮ್ಯಾಡ್ರಿಡ್ ಮಂಡ್ಯ

ಹೌದು. ‘ಆಬ್ಲೊ’ ಅಂದರೆ ನಾನು ಮಾತಾಡುತ್ತೇನೆ, ‘ಆಬ್ಲಾಸ್’ ನೀನು, ‘ಆಬ್ಲಾಮೋಸ್’ ನಾವು. ಆಳನ್ನು ಬೇರೆ ಹೇಳಬೇಕಾಗಿಲ್ಲ. ಮಳೆಗಂತೂ ‘ಯುಏಬೆ’ ಅಂತ ಒಂದೇ ಪದ, ಮಳೆ ಬರುತ್ತದೆ ಅಂತ ಅರ್ಥ. ನಮ್ಮಲ್ಲಿ ಬರುವುದಕ್ಕೆ ‘ಮಳೆ’ಯಾದರೂ ಇದೆ, ಅವರಲ್ಲಿ ಅದೂ ಇಲ್ಲ.

ಪ್ರಶ್ನೆಯ ವಿಷಯವೂ ಇದಕ್ಕೆ ಹತ್ತಿರದ್ದೇ. ‘ಆಬ್ಲಾಸ್ ಇಂಗ್ಲೇಸ್’ ಅಂದರೆ ‘ನೀನು ಇಂಗ್ಲಿಷ್ ಮಾತಾಡುತ್ತೀಯ’. ಪ್ರಶ್ನೆ ಆಗಬೇಕಾದರೆ ಬರೀ ರಾಗ ಬದಲಾದರೆ ಸಾಕು. ಪದ ಒಂದೂ ಅಲುಗುವುದಿಲ್ಲ. ಅದಕ್ಕೇ ಬರವಣಿಗೆಯಲ್ಲಿ ವಾಕ್ಯದ ಮೊದಲಲ್ಲೇ ತಲೆಕೆಳಗಾದ ಪ್ರಶ್ನೆ ಚಿಹ್ನೆ ಹಾಕುತ್ತಾರೆ. ಇಲ್ಲದಿದ್ದರೆ ಉದ್ದದ ವಾಕ್ಯ ಓದುವಾಗ ಕೊನೆ ಮುಟ್ಟುವವರೆಗೂ ಅದು ಪ್ರಶ್ನೆ ಅಂತ ಗೊತ್ತಾಗುವುದಿಲ್ಲ. ಮ್ಯಾಡ್ರಿಡ್‌ನ ರಿಯಲ್ ಅಕಾಡೆಮಿಯಾ ಎಸ್ಪಾನ್ಯೋಲಾ, 1713ರಲ್ಲಿ ಶುರುವಾದ ಭಾಷಾ ಅಕಾಡೆಮಿ, 1754ರ ತನ್ನ ಕಾಗುಣಿತದ ಪುಸ್ತಕದಲ್ಲಿ ಆ ಚಿಹ್ನೆ ಬಳಸಿ ಅಂತ ಹೇಳಿತು. ‘ಡು’ ಮಾಡುವ ಕೆಲಸವನ್ನು ಅಲ್ಲಿ ಆ ಕೊಕ್ಕೆ ಮಾಡುತ್ತದೆ ಅಂದುಕೊಳ್ಳಿ.

ಟೆಕ್ಸಸ್ ತೀರ್ಥಹಳ್ಳಿ

ಅಯ್ಯೋ, ಇದು ಎಷ್ಟು ಚೆನ್ನಾಗಿದೆ! ಅವರು ಇಂಗ್ಲಿಷ್ ಬರೆಯುವಾಗಲೂ ಮೊದಲಲ್ಲಿ ಆ ಕೊಕ್ಕೆ ಹಾಕುತ್ತಾರೆ. ನಾನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಿದ್ದೆ. ಇನ್ನು ಮೇಲೆ ‘ಕೊಕ್ಕೆ ತೆಗೆದ ಜಾಗಕ್ಕೆ ಡು ಹಾಕಿ’ ಅಂತ ಹೇಳಬಹುದು ಅಲ್ವಾ?

ಆದರೆ ‘ಡಿಡ್ ಯು ವೆಂಟ್’ ಎನ್ನುವುದಕ್ಕೆ ಏನು ಮಾಡಲಿ? ‘ಡಸ್ ಶಿ ವರ್ಕ್ಸ್’?

ಹಳೇ ಮೇಷ್ಟ್ರು

ಇದು ನಮ್ಮ ಮಕ್ಕಳದ್ದೂ ಹೌದು. ಮೂವತ್ತೊಂದು ವರ್ಷ ಇದೇ ಹೋರಾಟ. ನಾನು ಹೇಳುತ್ತಿದ್ದದ್ದು ಇಷ್ಟು: ಒಂದು ಕುಟುಂಬಕ್ಕೆ ಒಬ್ಬರು ಟಿಕೆಟ್ ತಗೊಂಡರೆ ಸಾಕು. ‘ಡಿಡ್’ ಟಿಕೆಟ್ ತಗೊಂಡಾಯಿತು, ಹಿಂದಿನ ಕಾಲದ ಟಿಕೆಟ್. ಹಿಂದೆ ಕೂತ ‘ಗೋ’ ಮತ್ತೆ ಯಾಕೆ ದುಡ್ಡು ಕೊಡಬೇಕು? ‘ಡಿಡ್ ಯು ಗೋ’. ಹಾಗೇ ‘ಡಸ್’ನಲ್ಲಿ ‘ಎಸ್’ ಬಂದುಬಿಟ್ಟಿದೆ. ‘ವರ್ಕ್’ಗೆ ಮತ್ತೆ ಬೇಡ.

ಇನ್ನೊಂದು ಮಾತು. ಈ ‘ಡು’ ಇಂಗ್ಲಿಷ್‌ನವರಿಗೂ ಹುಟ್ಟಿನಿಂದ ಬಂದದ್ದಲ್ಲ. ಷೇಕ್ಸ್‌ಪಿಯರ್ ಕಾಲದಲ್ಲಿ ‘ನೋ ಯು’ (ನಿಮಗೆ ಗೊತ್ತೇ), ‘ಐ ನೋ ನಾಟ್’ (ನನಗೆ ಗೊತ್ತಿಲ್ಲ) ಎಂಬಂಥ ಹಳೇ ರೀತಿಯೂ ಇತ್ತು, ‘ಡು’ ಸೇರಿಸುವ ರೀತಿಯೂ ಇತ್ತು. ಆಮೇಲೆ ‘ಡು’ ಗೆದ್ದಿತು. ಸ್ವಲ್ಪ ಮುಂಚೆ ಹುಟ್ಟಿದ್ದರೆ ನಿಮ್ಮ ವಿದ್ಯಾರ್ಥಿಗಳು ಇಷ್ಟು ಕಷ್ಟಪಡಬೇಕಿರಲಿಲ್ಲ.

ಧಾರವಾಡ ಪೇಡ

ಟವೆಲ್, ಟಿಕೆಟ್... ಮೇಷ್ಟ್ರು ಬಸ್ಸಿನಿಂದ ಇಳಿಯುವುದೇ ಇಲ್ಲ.

ಹಳೇ ಮೇಷ್ಟ್ರು

ದಿನಾ ಹರಿಹರದಿಂದ ದಾವಣಗೆರೆಗೆ ಹೋಗಿ ಬಂದವನು ಮತ್ತೇನು ಹೇಳಲಿ, ವಿಮಾನದ ಉದಾಹರಣೆ ಕೊಡಲಾ?

ನೈಟ್ ಶಿಫ್ಟ್ ನರ್ಸ್

ಕ್ಷಮಿಸಿ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನ್ಯೂಜೆರ್ಸಿಯಲ್ಲಿ ನರ್ಸ್ ಆಗಿದ್ದೇನೆ. ನಮ್ಮ ವಾರ್ಡಿಗೆ ಬರುವವರಲ್ಲಿ ಸ್ಪ್ಯಾನಿಷ್ ಮಾತಾಡುವವರು ತುಂಬಾ. ನೀವೆಲ್ಲ ವ್ಯಾಕರಣ ಅಂತೀರಿ. ಆ ಟೈಲ್ಸ್ ಅಣ್ಣ ‘ಐ ಹ್ಯಾವ್ ಥರ್ಟಿಫೋರ್ ಯಿಯರ್ಸ್’ ಅಂದರೆ ನನಗೆ ಅರ್ಥ ಆಗುತ್ತದೆ, ಅದರಿಂದ ಯಾರೂ ಸಾಯುವುದಿಲ್ಲ. ಸಾಯುವಂಥ ತಪ್ಪುಗಳು ಬೇರೆ ಇವೆ.

ಔಷಧಿ ಚೀಟಿಯಲ್ಲಿ ‘ಒನ್ಸ್ ಎ ಡೇ’ ಅಂತ ಇರುತ್ತದೆ. ಇಂಗ್ಲಿಷ್‌ನ ‘ಒನ್ಸ್’ ಬರೆಯುವ ನಾಲ್ಕು ಅಕ್ಷರವನ್ನೇ ಸ್ಪ್ಯಾನಿಷ್‌ನಲ್ಲಿ ‘ಓನ್ಸೆ’ ಅಂತ ಓದುತ್ತಾರೆ. ಅರ್ಥ ಹನ್ನೊಂದು. ದಿನಕ್ಕೆ ಹನ್ನೊಂದು ಮಾತ್ರೆ! ನಾನು ಯಾವತ್ತೂ ಆ ಪದ ಬರೆಯುವುದಿಲ್ಲ. ‘1 ಟೈಮ್’ ಅಂತ ಅಂಕಿಯಲ್ಲೇ ಬರೆಯುತ್ತೇನೆ, ಕೈಬೆರಳಲ್ಲೂ ತೋರಿಸುತ್ತೇನೆ.

‘ಎಂಬರಸಾದಾ’ ಅಂದರೆ ನಾಚಿಕೆ ಅಲ್ಲ, ಗರ್ಭಿಣಿ. ‘ಎಂಬರಸ್ಡ್’ ಅಂತ ಹೇಳುತ್ತಿರುವ ಹೆಂಗಸು ನಿಜಕ್ಕೂ ಯಾವುದನ್ನು ಹೇಳುತ್ತಿದ್ದಾಳೆ ಅಂತ ಎಕ್ಸ್‌ರೇ ತೆಗೆಯುವ ಮುಂಚೆ ತಿಳಿದುಕೊಳ್ಳಲೇಬೇಕು.

ಅದಕ್ಕೇ ಅಕ್ಕ, ನಿಮ್ಮ ತರಗತಿಯಲ್ಲಿ ಮೊದಲು ಕಲಿಸಬೇಕಾದ ವಾಕ್ಯ ‘ಐ ನೀಡ್ ಆ್ಯನ್ ಇಂಟರ್‌ಪ್ರಿಟರ್, ಪ್ಲೀಸ್’. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಪುಕ್ಕಟೆ ಕೊಡಬೇಕು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಬಲದಿಂದ ಬಂದದ್ದು ಇದು. ತುಂಬಾ ಜನಕ್ಕೆ ಗೊತ್ತಿಲ್ಲ. ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದು ಅವಳ ಕೈಲಿ ಅಮ್ಮನ ಕಾಯಿಲೆ ಹೇಳಿಸುತ್ತಾರೆ. ಆ ಮಗುವಿನ ಮುಖ ನೋಡಲು ಆಗುವುದಿಲ್ಲ.

ಮ್ಯಾಡ್ರಿಡ್ ಮಂಡ್ಯ

ಇದಕ್ಕೆ ಒಂದು ಸೇರಿಸುತ್ತೇನೆ. ಸ್ಪೇನ್‌ನಲ್ಲಿ ‘ಕೊನ್ಸ್ತಿಪಾದೊ’ ಅಂದರೆ ನೆಗಡಿ. ಮೊದಲ ವರ್ಷ ನಮ್ಮ ಮ್ಯಾನೇಜರ್ ಬಂದು ‘ಐ ಆಮ್ ಕಾನ್ಸ್ಟಿಪೇಟೆಡ್, ಡೋಂಟ್ ಕಮ್ ನಿಯರ್’ ಅಂದರು. ಮಲಬದ್ಧತೆಗೂ ದೂರ ನಿಲ್ಲುವುದಕ್ಕೂ ಏನು ಸಂಬಂಧ ಅಂತ ಅರ್ಧ ದಿನ ಯೋಚಿಸಿದೆ.

ನೈಟ್ ಶಿಫ್ಟ್ ನರ್ಸ್

ಲ್ಯಾಟಿನ್ ಅಮೆರಿಕದ ಎಷ್ಟೋ ಕಡೆ ಅದೇ ಪದಕ್ಕೆ ನಿಜವಾಗಿಯೂ ಮಲಬದ್ಧತೆ ಅಂತಲೇ ಅರ್ಥ! ಅದಕ್ಕೇ ನಾವು ಊಹೆ ಮಾಡುವುದಿಲ್ಲ. ಮೂಗೋ ಹೊಟ್ಟೆಯೋ ತೋರಿಸಿ ಅನ್ನುತ್ತೇವೆ.

ಹಾಂ, ಬೆರಳು. ಸ್ಪ್ಯಾನಿಷ್‌ನಲ್ಲಿ ಕೈಗೂ ಕಾಲಿಗೂ ಬೆರಳು ಒಂದೇ ಪದ, ‘ದೇದೊ’. ‘ದ ಫಿಂಗರ್ ಆಫ್ ಮೈ ಫುಟ್’ ಅನ್ನುತ್ತಾರೆ. ಜೊತೆಯ ಅಮೆರಿಕನ್ ನರ್ಸ್‌ಗಳು ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಮ್ಮದೂ ಕಾಲ್ಬೆರಳೇ ತಾನೆ!

ಹಳೇ ಮೇಷ್ಟ್ರು

ತಾಯಿ, ನೀವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಆಸ್ಪತ್ರೆಯ ಮಾತು ಮೊದಲು ಕಲಿಯಲಿ, ಸರಿ. ಆದರೆ ಬರೀ ಬೇಕಾದ ವಾಕ್ಯ ಬಾಯಿಪಾಠ ಮಾಡಿಸಿದರೆ, ಎದುರಿನವರು ತಿರುಗಿ ಒಂದು ಪ್ರಶ್ನೆ ಕೇಳಿದರೂ ಸಿಕ್ಕಿಬೀಳುತ್ತಾರೆ. ಕೆಲಸದ ಜಾಗದಲ್ಲಿ ಭಾಷೆ ಸರಿ ಇಲ್ಲದವರನ್ನು ಕಡಿಮೆ ಮಾಡಿ ನೋಡುತ್ತಾರೆ ಎನ್ನುವುದೂ ನಿಜ ಅಲ್ವಾ? ಆ ಮನುಷ್ಯನಿಗೆ ವಯಸ್ಸು ಹೇಳುವುದು ಸರಿಯಾಗಿ ಬರಲಿ ಅಂತ ಆಸೆಪಡುವುದು ತಪ್ಪಲ್ಲ.

ನೈಟ್ ಶಿಫ್ಟ್ ನರ್ಸ್

ತಪ್ಪು ಅಂತ ನಾನೆಲ್ಲಿ ಹೇಳಿದೆ ಮೇಷ್ಟ್ರೇ? ಯಾವುದು ಮೊದಲು ಅಂತ ಹೇಳಿದೆ ಅಷ್ಟೇ. ವಾರಕ್ಕೆ ಎರಡು ಸಂಜೆ ಮಾತ್ರ ಇರುವುದು.

ಕರಾವಳಿ ಕಾಗೆ

ಜಗಳ ಬೇಡ, ನಾನೊಂದು ಹೊಸ ವಿಷಯ ತರುತ್ತೇನೆ. ಉಚ್ಚಾರ.

ಸ್ಪ್ಯಾನಿಷ್‌ನಲ್ಲಿ ಪದದ ಮೊದಲಲ್ಲಿ ‘ಸ್’ ಜೊತೆ ಇನ್ನೊಂದು ವ್ಯಂಜನ ಬರುವುದಿಲ್ಲ. ಮುಂದೆ ಒಂದು ‘ಎ’ ಇರಲೇಬೇಕು. ಶಾಲೆ ‘ಎಸ್ಕುಎಲಾ’, ಸ್ಪೇನ್ ‘ಎಸ್ಪಾನ್ಯಾ’. ಹಾಗಾಗಿ ಇಂಗ್ಲಿಷ್‌ನಲ್ಲೂ ‘ಎಸ್ಕೂಲ್’, ‘ಎಸ್ಟಾಪ್’. ನಮ್ಮಜ್ಜಿ ‘ಇಸ್ಕೂಲು’, ‘ಇಸ್ಟೇಷನ್ನು’ ಅನ್ನುತ್ತಿದ್ದರು. ಅದೇ ಕಾರಣ! ಬಿಡಿಸುವ ಉಪಾಯ: ‘ಸ್ಸ್ಸ್’ ಅಂತ ಹಾವಿನ ಹಾಗೆ ಎಳೆದು, ಆಮೇಲೆ ‘ಕೂಲ್’ ಸೇರಿಸುವುದು. ಮಕ್ಕಳಾಟದ ಹಾಗೆ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ.

ಇನ್ನೊಂದು, ಸ್ಪ್ಯಾನಿಷ್‌ಗೆ ಇರುವುದು ಐದೇ ಸ್ವರ. ಹ್ರಸ್ವ, ದೀರ್ಘ ಅಂತ ಭೇದ ಇಲ್ಲ. ‘ಶಿಪ್’ಗೂ ‘ಶೀಪ್’ಗೂ ಅವರ ಕಿವಿಗೆ ವ್ಯತ್ಯಾಸವೇ ಕೇಳಿಸುವುದಿಲ್ಲ. ‘ಲಿವ್’, ‘ಲೀವ್’ ಕೂಡ. ‘ಐ ಲೀವ್ ಇನ್ ಟೆಕ್ಸಸ್’ ಅಂದಾಗ ಹೊರಟರೋ ಇದ್ದಾರೋ ಅಂತ ಗೊತ್ತಾಗುವುದಿಲ್ಲ. ನಮಗೆ ಗುಡಿಸು, ದೀರ್ಘ ಎರಡೂ ಇರುವುದರಿಂದ ಇದು ತಾನಾಗಿ ಬರುತ್ತದೆ. ಅವರಿಗೆ ಬಾಯಿಗಿಂತ ಮೊದಲು ಕಿವಿಗೆ ಅಭ್ಯಾಸ ಬೇಕು. ನೀವು ಹೇಳಿ, ಅವರು ಕುರಿ ಚಿತ್ರವೋ ಹಡಗಿನ ಚಿತ್ರವೋ ಎತ್ತಲಿ.

‘ಬ’ ಮತ್ತು ‘ವ’ ಅವರಲ್ಲಿ ಒಂದೇ ಸದ್ದು, ಅಕ್ಷರ ಮಾತ್ರ ಎರಡು. ‘ಬೆರಿ ಗುಡ್’ ಬಂದರೆ ಆಶ್ಚರ್ಯ ಪಡಬೇಡಿ. ನಾವು ನಗುವ ಹಾಗಿಲ್ಲ, ನಮಗೆ ‘ವೆಸ್ಟ್’ ಎಂಬ ಎರಡು ಬೇರೆ ಪದಗಳು, ದಿಕ್ಕು ಮತ್ತು ಬನಿಯನ್, ಒಂದೇ ಥರ ಬರುತ್ತವೆ.

ಹಾಗೆಯೇ ‘ವರ್ಕ್ಡ್’ ಪದವನ್ನು ‘ವರ್ಕೆಡ್’ ಅನ್ನುತ್ತಾರೆ. ಕೊನೆಯಲ್ಲಿ ಎರಡು ಮೂರು ವ್ಯಂಜನ ಒಟ್ಟಿಗೆ ಬರುವುದು ಅವರ ಭಾಷೆಗೆ ಒಗ್ಗುವುದಿಲ್ಲ. ‘ವಾಂಟೆಡ್’, ‘ನೀಡೆಡ್’ ಥರ ಮೂಲ ಪದ ಟ, ಡ ಸದ್ದಿನಲ್ಲಿ ಮುಗಿದರೆ ಮಾತ್ರ ‘ಎಡ್’ ಪೂರ್ತಿ ಕೇಳಿಸಬೇಕು, ಉಳಿದ ಕಡೆ ಬರೀ ಒಂದು ಚಿಟಿಕೆ ‘ಟ್’ ಅಥವಾ ‘ಡ್’.

ಕೊನೆಗೆ ಒಂದು ಸಿಹಿ. ಕರಾವಳಿಗೆ ಪೋರ್ಚುಗೀಸರು ಬಿಟ್ಟುಹೋದ ಪದಗಳು ಸ್ಪ್ಯಾನಿಷ್‌ನವರಿಗೂ ಪರಿಚಯ. ನಮ್ಮ ‘ಪಾದ್ರಿ’ ಅವರ ‘ಪಾದ್ರೆ’. ನಮ್ಮ ‘ಅಲಮಾರು’ ಅವರ ‘ಅರ್ಮಾರಿಯೊ’. ತರಗತಿಯಲ್ಲಿ ಹೇಳಿ ನೋಡಿ, ಒಂದೇ ಸಲಕ್ಕೆ ನಂಟಸ್ತಿಕೆ ಬೆಳೆಯುತ್ತದೆ.

ಟೆಕ್ಸಸ್ ತೀರ್ಥಹಳ್ಳಿ

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ! ನಿನ್ನೆ ಬೋರ್ಡ್ ಮೇಲೆ ಮೂರು ಸಾಲು ಬರೆದೆ. ಕನ್ನಡ ಅಕ್ಷರ ನೋಡಿ ಎಲ್ಲರೂ ಎದ್ದು ಹತ್ತಿರ ಬಂದರು. ಹೆಸರು ಬರೆಸಿಕೊಂಡು ಫೋಟೊ ತೆಗೆದುಕೊಂಡರು. ವ್ಯಾಕರಣಕ್ಕಿಂತ ಅದೇ ಜಾಸ್ತಿ ನಡೆಯಿತು.

ಹೆಸರು ಅಂದ ಕೂಡಲೇ ನೆನಪಾಯಿತು. ಫಾರಂ ತುಂಬುವುದು ಒಂದು ದೊಡ್ಡ ತಲೆನೋವು. ಅವರಿಗೆಲ್ಲ ಎರಡೆರಡು ಮನೆಹೆಸರು. ಮೊದಲು ಅಪ್ಪನ ಕಡೆಯದು, ಆಮೇಲೆ ಅಮ್ಮನ ಕಡೆಯದು. ‘ಲಾಸ್ಟ್ ನೇಮ್’ ಅಂತ ಇದ್ದ ಜಾಗಕ್ಕೆ ಕೊನೆಯದನ್ನು ಬರೆದರೆ ಅಮ್ಮನ ಹೆಸರು ಉಳಿದು ಅಪ್ಪನದು ಮಾಯ. ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್‌ರನ್ನು ‘ಮಾರ್ಕೆಸ್’ ಅಂದರೆ ಅರ್ಧ ಹೆಸರು, ಸರಿಯಾಗಿ ಹೇಳಬೇಕಾದರೆ ‘ಗಾರ್ಸಿಯಾ ಮಾರ್ಕೆಸ್’. ಮದುವೆ ಆದ ಹೆಂಗಸರು ಗಂಡನ ಹೆಸರಿಗೆ ಬದಲಾಯಿಸುವ ಪದ್ಧತಿಯೂ ಹೆಚ್ಚಾಗಿ ಇಲ್ಲ. ಗಂಡ ಹೆಂಡತಿ ಹೆಸರು ಬೇರೆ ಯಾಕೆ ಅಂತ ಒಂದು ಕಚೇರಿಯ ಕಿಟಕಿಯಲ್ಲಿ ಒಬ್ಬರನ್ನು ಅರ್ಧ ಗಂಟೆ ನಿಲ್ಲಿಸಿದ್ದರಂತೆ.

ನನ್ನ ಪಾಸ್‌ಪೋರ್ಟ್ ಕಥೆ ಹೇಳಿದೆ. ಇನಿಶಿಯಲ್ ಬಿಡಿಸಿದರೆ ಮೊದಲು ಊರು, ಆಮೇಲೆ ಅಪ್ಪ. ಇಲ್ಲಿ ಎಂಟು ವರ್ಷದಿಂದ ಎಲ್ಲರೂ ನನ್ನನ್ನು ನಮ್ಮಪ್ಪನ ಹೆಸರಿನಿಂದ ಕರೆಯುತ್ತಿದ್ದಾರೆ. ಬಿದ್ದು ಬಿದ್ದು ನಕ್ಕರು.

ಮ್ಯಾಡ್ರಿಡ್ ಮಂಡ್ಯ

ಉಪಾಯ: ಎರಡೂ ಮನೆಹೆಸರನ್ನು ‘ಲಾಸ್ಟ್ ನೇಮ್’ ಜಾಗದಲ್ಲೇ ಬರೆಯಲಿ, ಎಲ್ಲ ಕಡೆ ಒಂದೇ ಥರ. ಕೆಲವರು ನಡುವೆ ಅಡ್ಡಗೆರೆ ಹಾಕುತ್ತಾರೆ. ಮುಖ್ಯ ಏನೆಂದರೆ ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ ಬರೆಯಬಾರದು.

ಅಂಕಿಯಲ್ಲೂ ಎಚ್ಚರ. ಸ್ಪೇನ್‌ನಲ್ಲಿ ದಶಾಂಶಕ್ಕೆ ಅಲ್ಪವಿರಾಮ. ಮೆಕ್ಸಿಕೊದಲ್ಲಿ ಚುಕ್ಕೆ, ಹಾಗಾಗಿ ನಿಮ್ಮವರಿಗೆ ತೊಂದರೆ ಕಡಿಮೆ. ಆದರೆ ‘ಬಿಲಿಯನ್’ ಎಲ್ಲರಿಗೂ ಮೋಸ ಮಾಡುತ್ತದೆ. ಸ್ಪ್ಯಾನಿಷ್‌ನ ‘ಬಿಯೋನ್’ ಅಂದರೆ ಲಕ್ಷ ಕೋಟಿ. ಅಮೆರಿಕದ ಬಿಲಿಯನ್ ನೂರು ಕೋಟಿ. ಸುದ್ದಿ ಓದುವಾಗ ಸಾವಿರ ಪಟ್ಟು ತಪ್ಪುತ್ತದೆ.

ಧಾರವಾಡ ಪೇಡ

‘ಸಿನ್ಸ್ ಫೈವ್ ಯಿಯರ್ಸ್’ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ನಮ್ಮದೇ ಟ್ರೇಡ್‌ಮಾರ್ಕ್ ಅಂದುಕೊಂಡಿದ್ದೆ. ಆ್ಯಪ್‌ನಲ್ಲಿ ಪರಿಚಯ ಆದ ಪೆರುವಿನ ಹುಡುಗನೂ ‘ಐ ಲಿವ್ ಹಿಯರ್ ಸಿನ್ಸ್ ಫೈವ್ ಯಿಯರ್ಸ್’ ಅಂತಲೇ ಬರೆಯುತ್ತಾನೆ!

ಹಳೇ ಮೇಷ್ಟ್ರು

‘ಐದು ವರ್ಷದಿಂದ’, ‘2019ರಿಂದ’. ನಮಗೆ ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷ್‌ಗೆ ಎರಡು ಬಾಗಿಲು. ಶುರುವಾದ ದಿನ ಹೇಳಿದರೆ ‘ಸಿನ್ಸ್’, ಎಷ್ಟು ಉದ್ದ ಅಂತ ಹೇಳಿದರೆ ‘ಫಾರ್’. ಜೊತೆಗೆ ‘ಐ ಲಿವ್’ ಅಲ್ಲ, ‘ಐ ಹ್ಯಾವ್ ಲಿವ್ಡ್’. ನಮಗೂ ಸ್ಪ್ಯಾನಿಷ್‌ನವರಿಗೂ ಈಗಲೂ ಇಲ್ಲೇ ಇದ್ದೇನೆ ಅಂದಮೇಲೆ ವರ್ತಮಾನವೇ ಸಾಕು ಅನ್ನಿಸುತ್ತದೆ. ನ್ಯಾಯವಾಗಿಯೇ ಇದೆ. ಆದರೆ ಇಂಗ್ಲಿಷ್ ಕೇಳುವುದಿಲ್ಲ.

‘ಎಕ್ಸ್‌ಪ್ಲೇನ್ ಮಿ’ ಕೂಡ ನಮ್ಮಿಬ್ಬರ ಪಾಲುದಾರಿಕೆ. ‘ನನಗೆ ವಿವರಿಸಿ’. ‘ಟೆಲ್ ಮಿ’ ಇರಬಹುದಂತೆ, ‘ಎಕ್ಸ್‌ಪ್ಲೇನ್ ಮಿ’ ಇರಬಾರದಂತೆ. ನಡುವೆ ‘ಟು’ ಬೇಕಂತೆ. ಯಾಕೆ ಅಂತ ಹುಡುಗರು ಕೇಳಿದರೆ ನಾನು ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದೆ.

ಆದರೆ ಎರಡು ಇಲ್ಲ ಹಾಕುವುದು ಅವರದ್ದು ಮಾತ್ರ ಅಂತ ಕಾಣುತ್ತದೆ. ‘ಐ ಡೋಂಟ್ ಹ್ಯಾವ್ ನಥಿಂಗ್’. ನಾವು ‘ಏನೂ ಇಲ್ಲ’ ಅನ್ನುತ್ತೇವೆ, ‘ಇಲ್ಲ’ ಒಂದೇ.

ಮ್ಯಾಡ್ರಿಡ್ ಮಂಡ್ಯ

ಹೌದು, ‘ನೊ ತೆಂಗೊ ನಾದಾ’. ಅಲ್ಲಿ ಎರಡೂ ಬೇಕೇ ಬೇಕು, ಒಂದು ಬಿಟ್ಟರೆ ತಪ್ಪು. ಅವರ ‘ಸು’ ಇನ್ನೊಂದು ಗೋಜಲು. ಅವನ, ಅವಳ, ಅವರ, ನಿಮ್ಮ, ಎಲ್ಲಕ್ಕೂ ಅದೊಂದೇ. ‘ಮೈ ವೈಫ್ ಆ್ಯಂಡ್ ಹಿಸ್ ಮದರ್’ ಅಂದರೆ ಗಾಬರಿ ಆಗಬೇಡಿ, ಹೆಂಡತಿಯ ಅಮ್ಮನೇ.

ಟೆಕ್ಸಸ್ ತೀರ್ಥಹಳ್ಳಿ

ಮರ್ಯಾದೆ ವಿಷಯ ಒಂದು ಕೇಳಬೇಕಿತ್ತು. ಅವರು ನನ್ನನ್ನು ‘ಟೀಚರ್’ ಅಂತಲೇ ಕರೆಯುತ್ತಾರೆ. ಇಲ್ಲಿಯವರಿಗೆ ಅದು ಒರಟು, ‘ಮಿಸ್’ ಸೇರಿಸಿ ಹೆಸರು ಹೇಳಬೇಕು ಅಂತ ಇನ್ನೊಬ್ಬ ವಾಲಂಟಿಯರ್ ತಿದ್ದಿದರು. ನನಗಂತೂ ‘ಟೀಚರ್’ ಅಂದರೆ ಮನೆಗೆ ಹೋದ ಹಾಗೆ ಆಗುತ್ತದೆ.

ಕೊಲಂಬಿಯಾದ ಅಕ್ಕ ಕೇಳಿದ ಪ್ರಶ್ನೆ: ‘ಇಂಗ್ಲಿಷ್‌ನಲ್ಲಿ ಬಾಸ್‌ಗೂ ಯು, ನಾಯಿಗೂ ಯು. ಹಾಗಾದರೆ ಮರ್ಯಾದೆ ಎಲ್ಲಿದೆ?’ ಅವರಲ್ಲಿ ‘ತು’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ನಾನು ಹೇಳಿದೆ, ನಮ್ಮಲ್ಲೂ ಹಾಗೇ ಅಂತ. ಆಮೇಲೆ ‘ಕುಡ್ ಯು’, ‘ವುಡ್ ಯು ಮೈಂಡ್’ ಕಲಿಸಿದೆ. ಇಂಗ್ಲಿಷ್‌ನಲ್ಲಿ ಮರ್ಯಾದೆ ‘ನೀವು’ನಲ್ಲಿ ಇಲ್ಲ, ಸುತ್ತಿ ಬಳಸಿ ಕೇಳುವುದರಲ್ಲಿ ಇದೆ. ಸರಿ ಹೇಳಿದೆನಾ?

ಸಂಜೆ ಆರೂವರೆಗೆ ಒಳಗೆ ಬರುವಾಗ ಎಲ್ಲರೂ ‘ಗುಡ್ ನೈಟ್ ಟೀಚರ್’ ಅನ್ನುತ್ತಾರೆ. ನನಗೆ ತಿದ್ದಲು ಮನಸ್ಸಾಗುತ್ತಿಲ್ಲ.

ಮ್ಯಾಡ್ರಿಡ್ ಮಂಡ್ಯ

ಸರಿಯಾಗೇ ಹೇಳಿದ್ದೀರಿ. ಗುಡ್ ನೈಟ್‌ಗೆ ಕಾರಣ ‘ಬುಎನಾಸ್ ನೋಚೆಸ್’. ಕತ್ತಲಾದ ಮೇಲೆ ಬಂದಾಗಲೂ ಅದೇ, ಹೊರಡುವಾಗಲೂ ಅದೇ. ಇಂಗ್ಲಿಷ್‌ನಲ್ಲಿ ಬರುವಾಗ ‘ಗುಡ್ ಈವ್ನಿಂಗ್’, ಹೋಗುವಾಗ ‘ಗುಡ್ ನೈಟ್’. ತಿದ್ದಿ ಅಕ್ಕ, ಇಂಟರ್‌ವ್ಯೂಗೆ ಹೋದಾಗ ಬಾಗಿಲಲ್ಲೇ ಗುಡ್ ನೈಟ್ ಅಂದರೆ ಕಷ್ಟ.

ಮೆಕ್ಸಿಕೊದವರು ಕೇಳಿಸದಿದ್ದರೆ ‘ಮಾಂದೆ’ ಅನ್ನುತ್ತಾರೆ, ‘ಅಪ್ಪಣೆ ಆಗಲಿ’ ಎನ್ನುವಂಥ ಮಾತು. ಬರೀ ‘ಏನು’ ಅನ್ನುವುದು ಒರಟು ಅಂತ ಮಕ್ಕಳಿಗೆ ಕಲಿಸಿರುತ್ತಾರೆ. ಅವರಿಗೆ ‘ವಾಟ್?’ ಬದಲು ‘ಸಾರಿ?’ ಅಥವಾ ‘ಪಾರ್ಡನ್?’ ಕೊಡಿ, ಖುಷಿಯಾಗಿ ತಗೊಳ್ಳುತ್ತಾರೆ.

ಟೆಕ್ಸಸ್ ತೀರ್ಥಹಳ್ಳಿ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ನರ್ಸ್ ತಂಗಿಯ ಮಾತಿನಂತೆ ಮೊದಲ ಅರ್ಧ ಗಂಟೆ ಆಸ್ಪತ್ರೆ, ಬಾಡಿಗೆ ಮನೆ, ಮಕ್ಕಳ ಶಾಲೆಯಿಂದ ಬರುವ ಫೋನ್. ಆಮೇಲೆ ಮೇಷ್ಟ್ರ ಬಸ್. ಟವೆಲ್ ನಿಜಕ್ಕೂ ತಗೊಂಡು ಹೋಗಿ ಕುರ್ಚಿ ಮೇಲೆ ಹಾಕಿ ‘ಇಟ್’ ಅಂತ ಚೀಟಿ ಅಂಟಿಸಿದೆ. ಈಗ ಯಾರಾದರೂ ‘ಈಸ್ ರೈನಿಂಗ್’ ಅಂದರೆ ಉಳಿದವರೆಲ್ಲ ‘ಟವೆಲ್! ಟವೆಲ್!’ ಅಂತ ಕೂಗುತ್ತಾರೆ.

ಓನ್ಸೆ ವಿಷಯ ಹೇಳಿದಾಗ ಮಾತ್ರ ಯಾರೂ ನಗಲಿಲ್ಲ. ಒಬ್ಬರು ಬ್ಯಾಗಿನಿಂದ ಮಾತ್ರೆ ಡಬ್ಬಿ ತೆಗೆದು ಓದಿಸಿಕೊಂಡರು.

ಟೈಲ್ಸ್ ಅಣ್ಣ ಕಳೆದ ಗುರುವಾರ ಎದ್ದು ನಿಂತು ‘ಐ ಆಮ್ ಥರ್ಟಿಫೋರ್ ಯಿಯರ್ಸ್ ಓಲ್ಡ್’ ಅಂದರು. ನಾನು ಚಪ್ಪಾಳೆ ತಟ್ಟಿದೆ. ಅವರು ಕೂರಲಿಲ್ಲ. ‘ಟೀಚರ್, ಐ ಆಮ್ ನಾಟ್ ಓಲ್ಡ್. ವೈ ಓಲ್ಡ್?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಷ್ಟ್ರೇ, ಏನು ಹೇಳಲಿ?

ಹಳೇ ಮೇಷ್ಟ್ರು

ಗಿಡ್ಡ ಇದ್ದವನಿಗೂ ‘ಫೈವ್ ಫೀಟ್ ಟಾಲ್’ ಅನ್ನುತ್ತಾರೆ, ಐದು ಅಡಿ ಎತ್ತರ. ಎತ್ತರ ಅಂದರೆ ಅಲ್ಲಿ ಎತ್ತರದವನು ಅಂತ ಅಲ್ಲ, ಅಳತೆ ಅಷ್ಟೇ. ನಿನ್ನೆ ಹುಟ್ಟಿದ ಕೂಸೂ ‘ಒನ್ ಡೇ ಓಲ್ಡ್’. ಹೀಗೆ ಹೇಳಿ, ಒಪ್ಪುತ್ತಾರೆ. ಒಪ್ಪದಿದ್ದರೆ ‘ಓಲ್ಡ್’ ಬಿಟ್ಟು ‘ಐ ಆಮ್ ಥರ್ಟಿಫೋರ್’ ಅನ್ನಲಿ, ಅದೂ ಸರಿಯೇ. ಇಲ್ಲಿ ಕರೆಂಟ್ ಹೋಯಿತು, ಫೋನಿನಲ್ಲಿ ಚಾರ್ಜ್ ಇಲ್ಲ. ಉಳಿದದ್ದು ನಾಳೆ.